ಜಾನ್‌ಲುಯಿಜಿ ಬುಫೋನ್: ಪದೇ ಪದೇ ಕೇಳೋ ಪ್ರಶ್ನೆಗಳು, ಸ್ವಲ್ಪ ಉದ್ದುದ್ದ ಉತ್ತರಗಳು

ಇಟಲಿ ಫುಟ್‌ಬಾಲ್ ಬಗ್ಗೆ ಮಾತು ಎಲ್ಲಿಂದ ಶುರುವಾದ್ರೂ ಕೊನೆಗೆ ಬುಫೋನ್ ಹತ್ರ ಬಂದು ನಿಲ್ಲುತ್ತೆ, ಕೇಳೋ ಪ್ರಶ್ನೆಗಳೂ ಹೆಚ್ಚುಕಮ್ಮಿ ಅವೇ. ಅದಕ್ಕೇ ಎಲ್ಲಾ ಒಂದು ಕಡೆ ಬರೆದಿಟ್ಟಿದೀನಿ. ಮೊದಲೇ ಹೇಳ್ಬಿಡ್ತೀನಿ, ಇದು ಭಕ್ತನ ಬರಹ ಅಲ್ಲ. ಅವನನ್ನ ದೇವರು ಮಾಡಿ ಪಟಕ್ಕೆ ಹಾರ ಹಾಕೋರು ಬೇಕಾದಷ್ಟು ಜನ ಇದಾರೆ, ಆದ್ರೆ ಅವನ ಎಡವಟ್ಟುಗಳನ್ನ ತೆಗೆದುಹಾಕಿದ್ರೆ ಕಥೆಯಲ್ಲಿ ಉಪ್ಪುಖಾರನೇ ಇರಲ್ಲ.

ಯಾರಪ್ಪ ಇವನು? ಚಿಕ್ಕದಾಗಿ ಹೇಳಿ.

1978ರ ಜನವರಿ 28ಕ್ಕೆ ಇಟಲಿಯ ಟಸ್ಕನಿಯ ಕರಾರಾ ಅನ್ನೋ ಊರಲ್ಲಿ ಹುಟ್ಟಿದ್ದು, ಬಿಳಿ ಅಮೃತಶಿಲೆಗೆ ಫೇಮಸ್ ಆಗಿರೋ ಊರು ಅದು. ಮನೆಯವರೆಲ್ಲಾ ಆಟದವರೇ, ಅಮ್ಮ ಡಿಸ್ಕಸ್ ಎಸೀತಿದ್ರು, ಅಪ್ಪ ವೇಟ್‌ಲಿಫ್ಟರ್, ಅಕ್ಕಂದಿರಿಬ್ಬರೂ ವಾಲಿಬಾಲ್ ಆಡ್ತಿದ್ರು. 1950ರ ದಶಕದಲ್ಲಿ ಮಿಲಾನ್‌ಗೆ ಕೀಪಿಂಗ್ ಮಾಡ್ತಿದ್ದ ಲೊರೆಂಜೊ ಬುಫೋನ್ ಕೂಡ ದೂರದ ಸಂಬಂಧಿ. ನಮ್ಮ ಬುಫೋನ್ 1995ರಿಂದ 2023ರ ತನಕ ಪ್ರೊಫೆಷನಲ್ ಆಗಿ ಆಡ್ದ. ಪಾರ್ಮಾ, ಯುವೆಂಟಸ್, ಒಂದು ವರ್ಷ ಪ್ಯಾರಿಸ್, ವಾಪಸ್ ಯುವೆಂಟಸ್, ಕೊನೆಗೆ ವಾಪಸ್ ಪಾರ್ಮಾ. ಇಟಲಿಗೆ 176 ಮ್ಯಾಚ್, ಇದು ಆ ದೇಶದ ರೆಕಾರ್ಡ್. 2006ರ ವರ್ಲ್ಡ್ ಕಪ್ ಗೆದ್ದ ಟೀಮಿನ ಕೀಪರ್. ಜನ ಪ್ರೀತಿಯಿಂದ ಕರೆಯೋದು ಜಿಜಿ ಅಂತ.

ಮೊದಲು ಮಿಡ್‌ಫೀಲ್ಡರ್ ಆಗಿದ್ದನಂತೆ, ನಿಜಾನಾ?

ನಿಜ. ಚಿಕ್ಕವನಿದ್ದಾಗ ಮಿಡ್‌ಫೀಲ್ಡಲ್ಲೇ ಓಡಾಡ್ಕೊಂಡಿದ್ದ. 1990ರ ವರ್ಲ್ಡ್ ಕಪ್ ಇಟಲಿಯಲ್ಲೇ ನಡೀತು, ಅಲ್ಲಿ ಕ್ಯಾಮರೂನ್ ಟೀಮು ಮೊದಲ ಮ್ಯಾಚಲ್ಲೇ ಅರ್ಜೆಂಟೀನಾನ ಸೋಲಿಸಿ ಕ್ವಾರ್ಟರ್ ಫೈನಲ್ ತನಕ ಹೋಯ್ತಲ್ಲ, ಆ ಟೀಮಿನ ಕೀಪರ್ ಥೋಮಾಸ್ ಎನ್‌ಕೊನೊ ಆಡೋದನ್ನ ನೋಡಿ ಈ ಹನ್ನೆರಡು ವರ್ಷದ ಹುಡುಗಂಗೆ ತಲೆ ಕೆಟ್ಟೋಯ್ತು, ನಾನೂ ಕೀಪರ್ ಆಗ್ಬೇಕು ಅಂತ ಹಠ ಹಿಡಿದ. ಊರ ತುಂಬ ಇಟಲಿಯ ಸ್ಟ್ರೈಕರ್‌ಗಳಾದ ಬಾಜೊ, ಸ್ಕಿಲಾಚಿ ಅಂತ ಹುಚ್ಚು ಹಿಡಿದಿರೋವಾಗ ಇಟಲಿಯ ಹುಡುಗ ಒಬ್ಬ ಆಫ್ರಿಕಾದ ಗೋಲ್‌ಕೀಪರ್‌ಗೆ ಫ್ಯಾನ್ ಆಗಿದ್ದು ನಂಗೆ ತುಂಬ ಇಷ್ಟವಾಗೋ ವಿಷಯ. ಅದು ಬಾಯಿಮಾತಿನ ಅಭಿಮಾನ ಅಲ್ಲ, ದೊಡ್ಡ ಮಗನಿಗೆ ಲೂಯಿ ಥೋಮಾಸ್ ಅಂತ ಎನ್‌ಕೊನೊ ಹೆಸರನ್ನೇ ಸೇರಿಸಿ ಇಟ್ಟಿದಾನೆ. ಮರುವರ್ಷ 1991ರಲ್ಲಿ, ಹದಿಮೂರಕ್ಕೆ, ಪಾರ್ಮಾ ಅಕಾಡೆಮಿ ಸೇರ್ದ. ಅಲ್ಲಿ ಎರ್ಮೆಸ್ ಫುಲ್ಗೋನಿ ಅನ್ನೋ ಕೀಪಿಂಗ್ ಕೋಚ್ ಅವನನ್ನ ತಿದ್ದಿದ್ರು.

ಇನ್ನೊಂದು ಸಣ್ಣ ವಿಷಯ. 1992ರಲ್ಲಿ ಬ್ಯಾಕ್‌ಪಾಸ್ ರೂಲ್ ಬದಲಾಯ್ತು, ಡಿಫೆಂಡರ್ ಕಾಲಲ್ಲಿ ಹಿಂದಕ್ಕೆ ಕೊಟ್ಟ ಬಾಲನ್ನ ಕೀಪರ್ ಕೈಯಲ್ಲಿ ಹಿಡಿಯೋ ಹಾಗಿಲ್ಲ ಅಂತ. ಅಷ್ಟು ವರ್ಷ ಕೈಯಲ್ಲೇ ಬದುಕಿದ್ದ ಹಳೇ ಕೀಪರ್‌ಗಳು ಪರದಾಡಿಬಿಟ್ರು. ಮಿಡ್‌ಫೀಲ್ಡಲ್ಲಿ ಆಡಿ ಬಂದಿದ್ದ ಹುಡುಗಂಗೆ ಕಾಲಲ್ಲಿ ಬಾಲ್ ಮುಟ್ಟೋದು ಹೊಸದೇನೂ ಅಲ್ಲ. ಟೈಮಿಂಗ್ ಅಂದ್ರೆ ಇದು.

17 ವರ್ಷಕ್ಕೇ ಡೆಬ್ಯೂ ಅಂತಾರಲ್ಲ, ಹೇಗಿತ್ತು ಅದು?

1995ರ ನವೆಂಬರ್ 19, ಪಾರ್ಮಾ ಊರಲ್ಲಿ ಮಿಲಾನ್ ಎದುರು. ಮೇನ್ ಕೀಪರ್ ಲೂಕಾ ಬುಚ್ಚಿಗೆ ಇಂಜುರಿ, ಕೋಚ್ ನೆವಿಯೊ ಸ್ಕಾಲಾ ಧೈರ್ಯ ಮಾಡಿ 17 ವರ್ಷದ ಹುಡುಗನ್ನ ಇಳಿಸಿಬಿಟ್ರು. ಎದುರಿಗೆ ಯಾರು ಅಂದ್ರೆ ರೊಬೆರ್ಟೊ ಬಾಜೊ ಮತ್ತೆ ಜಾರ್ಜ್ ವೇಯಾ, ವೇಯಾಗೆ ಆ ವರ್ಷದ ಬೆಸ್ಟ್ ಪ್ಲೇಯರ್‌ಗೆ ಕೊಡೋ ಬಾಲನ್ ಡಿ'ಓರ್ ಬಂತು, ಮಿಲಾನ್ ಆ ಸೀಸನ್ ಚಾಂಪಿಯನ್ ಆಯ್ತು. ಸ್ಕೋರು 0-0. ಹುಡುಗ ಒಂದೂ ಬಿಡಲಿಲ್ಲ. ಆ ಮ್ಯಾಚಿನ ಕ್ಲಿಪ್ ಸಿಕ್ಕಿದ್ರೆ ಸೇವ್‌ಗಳಿಗಿಂತ ಹೆಚ್ಚಾಗಿ ಅವನ ಮುಖ ನೋಡಿ, ಟೆನ್ಶನ್ ಅನ್ನೋದೇ ಕಾಣಲ್ಲ, ಗಲ್ಲಿಯಲ್ಲಿ ಆಡೋಕೆ ಬಂದೋನ ಥರ ಇದಾನೆ.

ಎರಡು ವರ್ಷ ಆಗೋ ಹೊತ್ತಿಗೆ ನ್ಯಾಷನಲ್ ಟೀಮ್. 1997ರ ಅಕ್ಟೋಬರ್ 29, ಮಾಸ್ಕೋದಲ್ಲಿ ರಷ್ಯಾ ಎದುರು ವರ್ಲ್ಡ್ ಕಪ್ ಪ್ಲೇಆಫ್, ಸುರೀತಿರೋ ಹಿಮ, ಮೇನ್ ಕೀಪರ್ ಪಲ್ಯೂಕಾಗೆ ಪೆಟ್ಟಾಗಿ ಹೊರಗೆ ಹೋದ್ರು, 19 ವರ್ಷದ ಬುಫೋನ್ ಒಳಗೆ ಬಂದ. 1-1 ಡ್ರಾ.

ಪಾರ್ಮಾದಂಥ ಸಣ್ಣ ಊರಿನ ಕ್ಲಬ್ಬಲ್ಲಿ ಅಷ್ಟೊಂದು ಸ್ಟಾರ್‌ಗಳು ಹೇಗೆ ಇದ್ರು?

ಹಾಲಿನ ದುಡ್ಡು. ಪಾರ್ಮಲಾಟ್ ಅನ್ನೋ ಡೈರಿ ಕಂಪನಿ ಕ್ಲಬ್ಬಿಗೆ ದುಡ್ಡು ಸುರೀತಿತ್ತು, ಹಾಗಾಗಿ ಬುಫೋನ್ ಮುಂದೆ ಡಿಫೆನ್ಸಲ್ಲಿ ಥುರಾಮ್, ಕನ್ನವಾರೊ, ಮುಂದೆ ವೆರಾನ್, ಕ್ರೆಸ್ಪೊ ಎಲ್ಲಾ ಒಟ್ಟಿಗೆ ಇದ್ರು. 1999ರಲ್ಲಿ ಇಟಲಿಯ ನಾಕೌಟ್ ಕಪ್ಪಾದ ಕೊಪ್ಪಾ ಇಟಾಲಿಯಾ ಗೆದ್ರು, ಮಾಸ್ಕೋದಲ್ಲಿ ಮಾರ್ಸೇನ 3-0 ಹೊಡೆದು ಯುಇಎಫ್‌ಎ ಕಪ್ಪೂ ಗೆದ್ರು. ಬುಫೋನ್ ಜೀವಮಾನದಲ್ಲಿ ಗೆದ್ದ ಯುರೋಪಿನ ಒಂದೇ ಕ್ಲಬ್ ಕಪ್ ಅದು, ಅದೂ 21ನೇ ವಯಸ್ಸಿಗೆ. ಆಮೇಲೆ 2003ರಲ್ಲಿ ಕಂಪನಿಯ ಲೆಕ್ಕಪತ್ರದ ಹಗರಣ ಬಯಲಾಗಿ ಎಲ್ಲಾ ಕುಸಿದು ಬಿತ್ತು, ಅಷ್ಟೊತ್ತಿಗೆ ಇವನು ಹೊರಟು ಎರಡು ವರ್ಷ ಆಗಿತ್ತು.

2001ರ ಟ್ರಾನ್ಸ್‌ಫರ್ ಯಾಕೆ ಅಷ್ಟು ದೊಡ್ಡ ಸುದ್ದಿ?

ಯುವೆಂಟಸ್ ಕೊಟ್ಟಿದ್ದು ಸುಮಾರು 100 ಬಿಲಿಯನ್ ಲೀರಾ, ಅಂದ್ರೆ 52 ಮಿಲಿಯನ್ ಯೂರೋ ಹತ್ತಿರ, ಅದ್ರಲ್ಲಿ ಒಂದು ಭಾಗಕ್ಕೆ ಬಾಕಿನಿ ಅನ್ನೋ ಪ್ಲೇಯರನ್ನೇ ಕೊಟ್ರು. ಕೀಪರ್‌ಗೆ ಇಷ್ಟು ದುಡ್ಡಾ ಅಂತ ಜನ ನಕ್ಕಿದ್ರು. ಆ ರೆಕಾರ್ಡ್ ಮುರಿಯೋಕೆ 17 ವರ್ಷ ಬೇಕಾಯ್ತು, 2018ರಲ್ಲಿ ಲಿವರ್‌ಪೂಲ್ ಆಲಿಸನ್‌ನ ತಗೊಂಡಾಗ. ಸ್ಟ್ರೈಕರ್‌ಗಳ ರೇಟು ಈ ನಡುವೆ ಎಲ್ಲಿಂದ ಎಲ್ಲಿಗೆ ಹೋಯ್ತು ಅಂತ ನೋಡಿದ್ರೆ ಆ ಸಂಖ್ಯೆ ಎಷ್ಟು ದೊಡ್ಡದು ಅಂತ ಗೊತ್ತಾಗುತ್ತೆ. ಅದೇ ಬೇಸಿಗೆಯಲ್ಲಿ ಯುವೆಂಟಸ್ ಜಿದಾನ್‌ನ ರಿಯಲ್ ಮ್ಯಾಡ್ರಿಡ್‌ಗೆ ಮಾರಿತ್ತು, ಬಂದ ದುಡ್ಡಲ್ಲಿ ಬುಫೋನ್, ಥುರಾಮ್, ನೆಡ್ವೆಡ್ ಮೂರೂ ಜನರನ್ನ ತಂತು. ನನ್ನ ಕೇಳಿದ್ರೆ ಒಬ್ಬನ್ನ ಮಾರಿ ಮಾಡಿದ ವ್ಯಾಪಾರಗಳಲ್ಲಿ ಇದಕ್ಕಿಂತ ಜಾಣ ವ್ಯಾಪಾರ ಫುಟ್‌ಬಾಲಲ್ಲಿ ಕಮ್ಮಿ.

88 ನಂಬರ್ ಜೆರ್ಸಿ ಗಲಾಟೆ ಏನು?

2000ರಲ್ಲಿ ಪಾರ್ಮಾದಲ್ಲಿದ್ದಾಗ 88 ನಂಬರ್ ಹಾಕ್ಕೊಂಡ. ಆ ಸಂಖ್ಯೆ ನವ-ನಾಜಿಗಳು ಹಿಟ್ಲರ್‌ಗೆ ಜೈ ಅನ್ನೋಕೆ ಬಳಸೋ ಗುರುತು, ಇಟಲಿಯ ಯಹೂದಿ ಸಮುದಾಯದವರು ಬೇಜಾರಾಗಿ ವಿರೋಧ ಮಾಡಿದ್ರು. ನಂಗೆ ಆ ಅರ್ಥ ಗೊತ್ತೇ ಇರ್ಲಿಲ್ಲ, 88 ನೋಡೋಕೆ ನಾಲ್ಕು ಗೋಲಿ ಥರ ಕಾಣುತ್ತೆ, ಗಂಡೆದೆಯ ಗುರುತು ಅಂದ್ಕೊಂಡು ಹಾಕ್ದೆ ಅಂತ ಹೇಳಿ 77ಕ್ಕೆ ಬದಲಾಯಿಸ್ದ. ಅದಕ್ಕೂ ಹಿಂದಿನ ವರ್ಷ ಫ್ಯಾಸಿಸ್ಟ್ ಕಾಲದ ಘೋಷಣೆ ಬರೆದ ಟಿ-ಶರ್ಟ್ ತೋರಿಸಿ ಬೈಸಿಕೊಂಡಿದ್ದ, ಆಗಲೂ ಗೊತ್ತಿರ್ಲಿಲ್ಲ ಅಂದಿದ್ದ. ಒಂದು ಸಲ ಗೊತ್ತಿಲ್ಲ ಅಂದ್ರೆ ನಂಬಬಹುದು, ಎರಡು ಸಲ ಅಂದ್ರೆ ಸ್ವಲ್ಪ ಕಷ್ಟ, ನೀವೇ ತೀರ್ಮಾನ ಮಾಡಿ. ಲಾ ಕಾಲೇಜಿಗೆ ಸೇರೋಕೆ ನಕಲಿ ಸರ್ಟಿಫಿಕೇಟ್ ಕೊಟ್ಟು ಸಿಕ್ಕಿಹಾಕ್ಕೊಂಡಿದ್ದೂ ಇದೇ ಕಾಲದಲ್ಲಿ. ಇಪ್ಪತ್ತರ ಆಸುಪಾಸಿನ ಬುಫೋನ್ ಕೈಗೆ ದುಡ್ಡು, ಹೆಸರು ಒಟ್ಟಿಗೆ ಬಂದು ತಲೆ ನಿಲ್ಲದ ಹುಡುಗ, ಇದನ್ನ ಮುಚ್ಚಿಡೋದ್ರಲ್ಲಿ ಅರ್ಥ ಇಲ್ಲ.

ಡಿಪ್ರೆಶನ್ ಆಗಿತ್ತಂತೆ?

ಹೌದು, ಅವನೇ ಆತ್ಮಕಥೆಯಲ್ಲಿ ಬರೆದಿದಾನೆ. 2003ರ ಕೊನೆಯಿಂದ 2004ರ ಮಧ್ಯದ ತನಕ. ಆಗ ವಯಸ್ಸು 25-26, ಎರಡು ಲೀಗ್ ಟೈಟಲ್ ಗೆದ್ದಾಗಿತ್ತು, ದುಡ್ಡಿಗೆ ಕೊರತೆ ಇಲ್ಲ, ಎಲ್ಲಾ ಇದ್ರೂ ಮ್ಯಾಚ್ ಆಡೋಕೆ ಹೋಗೋದೇ ಭಯ ಅನ್ನೋ ಸ್ಥಿತಿ. ಸೈಕಾಲಜಿಸ್ಟ್ ಹತ್ರ ಹೋಗಿ ಮಾತಾಡ್ದ. ಟೂರಿನ್‌ನ ಮ್ಯೂಸಿಯಂ ಒಂದರಲ್ಲಿ ಮಾರ್ಕ್ ಶಗಾಲ್ ಚಿತ್ರಗಳ ಪ್ರದರ್ಶನ ನೋಡೋಕೆ ಹೋಗಿದ್ದನ್ನೂ ಹೇಳ್ಕೊಂಡಿದಾನೆ, ಗಂಡ ಹೆಂಡತಿ ಪಾರ್ಕಲ್ಲಿ, ಅವನು ನೆಲದ ಮೇಲೆ ನಿಂತಿದಾನೆ, ಅವಳು ಅವನ ಕೈ ಹಿಡ್ಕೊಂಡು ಗಾಳಿಯಲ್ಲಿ ತೇಲ್ತಿದಾಳೆ, ಆ ಚಿತ್ರದ ಸರಳತೆ ಮನಸ್ಸಿಗೆ ಹಿಡಿಸಿ ಮಾರನೇ ದಿನ ಮತ್ತೆ ಅದನ್ನೇ ನೋಡೋಕೆ ಹೋಗಿದ್ನಂತೆ. ಆಗಿನ ಫುಟ್‌ಬಾಲಲ್ಲಿ ಇಂಥದ್ದನ್ನ ಬಾಯಿಬಿಟ್ಟು ಹೇಳೋರೇ ಕಮ್ಮಿ. ಹೇಳಿದ್ರೆ ಈ ಕೀಪರ್ ವೀಕ್ ಅಂತ ಲೇಬಲ್ ಹಚ್ತಿದ್ರು. ಅವನು ಹೇಳಿದ್ದು 2008ರಲ್ಲಿ, ಇನ್ನೂ ಆಡ್ತಾ ಇರೋವಾಗ್ಲೇ.

2006ರ ವರ್ಲ್ಡ್ ಕಪ್‌ನಲ್ಲಿ ನಿಜವಾಗ್ಲೂ ಎರಡೇ ಗೋಲಾ?

ಎರಡೇ. ಅದ್ರಲ್ಲೂ ಎದುರು ಟೀಮಿನವರು ಆಡ್ತಾ ಆಡ್ತಾ ಹೊಡೆದ ಗೋಲು ಒಂದೂ ಇಲ್ಲ. ಒಂದು ಅಮೆರಿಕಾ ಮ್ಯಾಚಲ್ಲಿ ನಮ್ಮವನೇ ಜಕಾರ್ಡೊ ಹೊಡ್ಕೊಂಡ ಓನ್ ಗೋಲ್, ಇನ್ನೊಂದು ಫೈನಲಲ್ಲಿ ಫ್ರಾನ್ಸ್‌ನ ಜಿದಾನ್ ಪೆನಾಲ್ಟಿ, ಅದೂ ಕ್ರಾಸ್‌ಬಾರ್‌ಗೆ ತಾಗಿ ಒಳಗೆ ಬಿದ್ದಿದ್ದು. ಏಳು ಮ್ಯಾಚ್, ಐದು ಕ್ಲೀನ್ ಶೀಟ್, ಅಂದ್ರೆ ಒಂದೂ ಗೋಲ್ ಬಿಡದ ಮ್ಯಾಚ್. ("ನಮ್ಮವನೇ" ಅಂತ ಬರೆದುಬಿಟ್ಟೆ ನೋಡಿ. ಇರ್ಲಿ ಬಿಡಿ, ಯಾರ ಕಡೆ ಅಂತ ಗೊತ್ತಾಯ್ತಲ್ಲ.)

ಎಲ್ಲರೂ ಆ ಫೈನಲಲ್ಲಿ ಜಿದಾನ್ ಇಟಲಿಯ ಮಟೆರಾಜಿಗೆ ತಲೆಯಲ್ಲಿ ಗುದ್ದಿದ್ದನ್ನ ನೆನಪಿಟ್ಕೊಂಡಿದಾರೆ, ನಾನು ನೋಡಿ ಅನ್ನೋದು ಅದಕ್ಕಿಂತ ಕೆಲವೇ ನಿಮಿಷ ಮುಂಚಿನ ಹೆಡರ್. ಎಕ್ಸ್‌ಟ್ರಾ ಟೈಮಿನ ಮೊದಲ ಹಾಫ್, 104ನೇ ನಿಮಿಷ, ನಮ್ಮಲ್ಲಿ ರಾತ್ರಿ ಒಂದೂವರೆ ದಾಟಿತ್ತು. ಸಾನ್ಯೋಲ್ ಬಲಗಡೆಯಿಂದ ಕ್ರಾಸ್ ಕೊಟ್ಟ, ಜಿದಾನ್ ಫ್ರೀಯಾಗಿ ಎದ್ದು ಹಣೆ ಕೊಟ್ಟ, ಬಾಲು ನೇರ ಕ್ರಾಸ್‌ಬಾರ್ ಕೆಳಗೆ ಹೋಗ್ತಿತ್ತು, ಬುಫೋನ್ ಹಿಂದಕ್ಕೆ ವಾಲಿ ಒಂದೇ ಕೈಯಲ್ಲಿ ಮೇಲಕ್ಕೆ ತಳ್ಳಿಬಿಟ್ಟ. ಜಿದಾನ್ ಬಾಯಿ ತೆರೆದು ಕಿರುಚಿದ್ದು ಟಿವಿಯಲ್ಲಿ ನೋಡಿದೋರಿಗೆಲ್ಲಾ ನೆನಪಿರುತ್ತೆ. ಅದು ಗೋಲ್ ಆಗಿದ್ರೆ ಆ ತಲೆಗುದ್ದೂ ಇಲ್ಲ, ರೆಡ್ ಕಾರ್ಡೂ ಇಲ್ಲ, ಕಪ್ಪು ಪ್ಯಾರಿಸ್‌ಗೆ ಹೋಗಿರೋದು.

ಆ ವರ್ಷದ ಬಾಲನ್ ಡಿ'ಓರ್ ಕನ್ನವಾರೊಗೆ, ಬುಫೋನ್ ಎರಡನೇ ಸ್ಥಾನ. ಕೀಪರ್ ಆಗಿ ಆ ಪ್ರಶಸ್ತಿ ಗೆದ್ದಿದ್ದು 1963ರಲ್ಲಿ ಲೆವ್ ಯಾಶಿನ್ ಒಬ್ಬನೇ. ವರ್ಲ್ಡ್ ಕಪ್ಪಲ್ಲಿ ಎರಡೇ ಗೋಲ್ ಬಿಟ್ಟೋನಿಗೂ ಕೊಡದೇ ಇದ್ರೆ ಇನ್ಯಾರಿಗೆ ಕೊಡ್ತಾರೋ.

ವರ್ಲ್ಡ್ ಕಪ್ ಗೆದ್ದೋನು ಸೆಕೆಂಡ್ ಡಿವಿಷನ್ನಲ್ಲಿ ಯಾಕೆ ಆಡ್ದ?

ಇದು ನಂಗೆ ಅವನ ಕರಿಯರ್‌ನ ನಡುಮಧ್ಯದ ಪ್ರಶ್ನೆ. 2006ರಲ್ಲಿ ರೆಫ್ರಿಗಳನ್ನ ನೇಮಿಸೋದ್ರಲ್ಲಿ ಕ್ಲಬ್ ಆಫೀಸರ್‌ಗಳು ಕೈಯಾಡಿಸಿದ್ದು ಫೋನ್ ಟ್ಯಾಪಿಂಗ್‌ನಲ್ಲಿ ಹೊರಗೆ ಬಂತು, ಅದೇ ಕಾಲ್ಚೋಪೋಲಿ ಹಗರಣ. ಯುವೆಂಟಸ್‌ನ ಎರಡು ಟೈಟಲ್ ಕಿತ್ಕೊಂಡು ಸೀರಿ ಬಿಗೆ ತಳ್ಳಿದ್ರು, ಮೇಲಿಂದ ಪಾಯಿಂಟ್ ಕಡಿತ, ಮೊದಲು 30 ಅಂದ್ರು, ಅಪೀಲ್ ಮೇಲೆ ಅಪೀಲ್ ಹೋಗಿ ಕೊನೆಗೆ 9ಕ್ಕೆ ಬಂತು. ಇಬ್ರಾಹಿಮೊವಿಚ್, ವಿಯೆರಾ ಇಂಟರ್‌ಗೆ ಹೋದ್ರು, ಕನ್ನವಾರೊ, ಎಮರ್ಸನ್ ರಿಯಲ್ ಮ್ಯಾಡ್ರಿಡ್‌ಗೆ, ಥುರಾಮ್, ಜಾಂಬ್ರೊಟ್ಟಾ ಬಾರ್ಸಿಲೋನಾಗೆ. ಉಳಿದಿದ್ದು ಬುಫೋನ್, ಡೆಲ್ ಪಿಯೆರೊ, ನೆಡ್ವೆಡ್, ಟ್ರೆಜೆಗೆ, ಕಮೊರನೇಸಿ. ಜುಲೈನಲ್ಲಿ ಬರ್ಲಿನ್‌ನಲ್ಲಿ ಕಪ್ ಎತ್ತಿದ ಕೀಪರ್‌ನ ಕ್ಲಬ್ಬು ಸೆಪ್ಟೆಂಬರಲ್ಲಿ ರಿಮಿನಿ ಅನ್ನೋ ಬೀಚ್ ಊರಲ್ಲಿ ಸೀರಿ ಬಿ ಮೊದಲ ಮ್ಯಾಚ್ ಆಡಿ 1-1 ಡ್ರಾ ಮಾಡ್ಕೊಂಡು ಬಂತು.

ಹೋಗಿದ್ರೆ ಯಾರೂ ಬೈತಿರ್ಲಿಲ್ಲ, ವಯಸ್ಸು 28, ಯಾವ ಕ್ಲಬ್ ಬೇಕಾದ್ರೂ ಕಣ್ಣುಮುಚ್ಚಿ ತಗೊಳ್ತಿತ್ತು. ಒಂದೇ ವರ್ಷದಲ್ಲಿ ವಾಪಸ್ ಮೇಲೆ ಬಂದ್ರು ಅನ್ನೋದು ಸರಿ, ಆದ್ರೆ ಬಂದ ಮೇಲೂ ಸುಖ ಇರ್ಲಿಲ್ಲ ಅನ್ನೋದನ್ನ ಜನ ಮರೀತಾರೆ, 2010 ಮತ್ತು 2011 ಎರಡೂ ಸೀಸನ್ ಏಳನೇ ಸ್ಥಾನ, ಇವನಿಗೆ ಬೆನ್ನಿನ ಡಿಸ್ಕ್ ತೊಂದರೆ, 2010ರ ವರ್ಲ್ಡ್ ಕಪ್ಪಲ್ಲಿ ಪರಾಗ್ವೆ ಎದುರು ಅರ್ಧ ಮ್ಯಾಚಿಗೇ ಹೊರಗೆ ಬಂದೋನು ಮತ್ತೆ ಗ್ರೌಂಡಿಗೆ ಇಳಿಯೋ ಹೊತ್ತಿಗೆ ಹೊಸ ವರ್ಷ ಬಂದಿತ್ತು. ಅವನ ಕಥೆ ಮುಗೀತು ಅಂತಾನೇ ಸುಮಾರು ಜನ ಬರೆದಿದ್ರು. ಲೀಗ್ ಮತ್ತೆ ಗೆದ್ದಿದ್ದು 2012ರಲ್ಲಿ, ಕೊಂಟೆ ಕೋಚ್ ಆಗಿ ಬಂದ್ಮೇಲೆ, ಅದೂ 38 ಮ್ಯಾಚಲ್ಲಿ ಒಂದೂ ಸೋಲದೆ. ಅಲ್ಲಿಂದ 2018ರ ತನಕ ಸಾಲಾಗಿ ಏಳು. ಹೊರಟುಹೋಗಿದ್ರೆ ಇವೆಲ್ಲಾ ಯಾವನೋ ಬೇರೆ ಕೀಪರ್ ಖಾತೆಗೆ ಬೀಳ್ತಿತ್ತು.

ಬೆಟ್ಟಿಂಗ್ ಕೇಸಲ್ಲಿ ಹೆಸರು ಬಂದಿತ್ತಲ್ಲ?

2006ರಲ್ಲಿ ವಿಚಾರಣೆ ಆಗಿತ್ತು. ಪ್ಲೇಯರ್‌ಗಳು ಬೆಟ್ ಮಾಡೋ ಹಾಗಿಲ್ಲ ಅನ್ನೋ ರೂಲ್ 2005ರಲ್ಲಿ ಬರೋ ಮುಂಚೆ ಬೇರೆ ಆಟಗಳ ಮೇಲೆ ದುಡ್ಡು ಕಟ್ಟಿದ್ದು ನಿಜ, ಇಟಲಿ ಫುಟ್‌ಬಾಲ್ ಮೇಲೆ ಕಟ್ಟಿಲ್ಲ ಅಂತ ಹೇಳ್ದ. ಆರೋಪದಿಂದ ಮುಕ್ತನಾದ. ಅಷ್ಟೇ.

ಮುಂತಾರಿ ಗೋಲ್ ವಿಷಯದಲ್ಲಿ ಅವನು ಮಾಡಿದ್ದು ಸರಿನಾ?

2012ರ ಫೆಬ್ರವರಿ 25, ಮಿಲಾನ್-ಯುವೆಂಟಸ್, ಟೈಟಲ್ ನಿರ್ಧಾರ ಆಗೋ ಥರದ ಮ್ಯಾಚು. ಮಿಲಾನ್‌ನ ಮುಂತಾರಿ ಹೆಡ್ ಮಾಡಿದ ಬಾಲು ಗೆರೆ ದಾಟಿ ಚೆನ್ನಾಗೇ ಒಳಗೆ ಹೋಗಿತ್ತು, ಬುಫೋನ್ ಹೊರಗೆ ಎಳ್ಕೊಂಡ, ರೆಫ್ರಿ ಗೋಲ್ ಕೊಡಲಿಲ್ಲ. ಮ್ಯಾಚ್ ಆದ್ಮೇಲೆ ಕೇಳಿದ್ರೆ, ಒಳಗೆ ಹೋಗಿದ್ದು ನಂಗೆ ಗೊತ್ತಾಗ್ಲಿಲ್ಲ, ಗೊತ್ತಾಗಿದ್ರೂ ರೆಫ್ರಿಗೆ ಹೇಳ್ತಿರ್ಲಿಲ್ಲ ಅಂತ ಮುಖಕ್ಕೆ ಹೊಡೆದ ಹಾಗೆ ಹೇಳ್ದ. ದೊಡ್ಡ ಗಲಾಟೆ ಆಯ್ತು. ನ್ಯಾಷನಲ್ ಟೀಮ್ ಕ್ಯಾಪ್ಟನ್ ಹೀಗೆ ಮಾತಾಡಬಹುದಾ ಅಂತ. ನನ್ನ ಅಭಿಪ್ರಾಯ ಕೇಳಿದ್ರೆ, ಅವನು ಹೇಳಿದ್ದು ಚೆನ್ನಾಗಿಲ್ಲ, ಆದ್ರೆ ಸುಳ್ಳಲ್ಲ, ನೂರಕ್ಕೆ ತೊಂಬತ್ತೊಂಬತ್ತು ಕೀಪರ್‌ಗಳು ಅದನ್ನೇ ಮಾಡ್ತಾರೆ, ಕ್ಯಾಮೆರಾ ಮುಂದೆ ಮಾತ್ರ ಬೇರೆ ಹೇಳ್ತಾರೆ. ಗೋಲ್‌ಲೈನ್ ಟೆಕ್ನಾಲಜಿ ಬೇಕು ಅಂತ ಇಟಲಿಯಲ್ಲಿ ವಾದ ಮಾಡೋರೆಲ್ಲಾ ಆಮೇಲೆ ಎತ್ತಿ ತೋರಿಸ್ತಿದ್ದಿದ್ದು ಇದೇ ಮ್ಯಾಚನ್ನ.

ಅವನ ಆಟದಲ್ಲಿ ಅಂಥಾ ವಿಶೇಷ ಏನಿತ್ತು? ಎಲ್ಲಾ ಕೀಪರ್‌ಗಳೂ ಹಾರ್ತಾರಲ್ಲ.

ಅವನು ಕಮ್ಮಿ ಹಾರ್ತಿದ್ದ, ಅದೇ ವಿಶೇಷ. ಚಿಕ್ಕವನಿದ್ದಾಗ ಪಾರ್ಮಾದಲ್ಲಿ ಸ್ಪ್ರಿಂಗ್ ಥರ ನೆಗೀತಿದ್ದ, ಹೌದು. ಇಂಟರ್‌ನ ರೊನಾಲ್ಡೊ (ಬ್ರೆಜಿಲ್‌ನವನು) ಪೆನಾಲ್ಟಿ ಹಿಡಿದು ಜೆರ್ಸಿ ಎತ್ತಿ ಸೂಪರ್‌ಮ್ಯಾನ್ ಬನಿಯನ್ ತೋರಿಸಿದ್ದು ಆಗಲೇ. ಆದ್ರೆ ಮೂವತ್ತು ದಾಟಿದ ಬುಫೋನ್ ಬೇರೆನೇ ಕೀಪರ್. ಶಾಟ್ ಬರೋ ಮುಂಚೆನೇ ಒಂದೆರಡು ಹೆಜ್ಜೆ ಇಟ್ಟು ಸರಿಯಾದ ಜಾಗದಲ್ಲಿ ನಿಂತಿರ್ತಿದ್ದ, ಹಾಗಾಗಿ ಬೇರೆಯವರು ಉದ್ದಕ್ಕೆ ಹಾರಿ ಹಿಡಿಯೋ ಬಾಲು ಇವನ ಎದೆಗೇ ಬರ್ತಿತ್ತು. ಟಿವಿಯಲ್ಲಿ ನೋಡೋರಿಗೆ ಸ್ಟ್ರೈಕರ್ ಕೀಪರ್ ಕೈಗೇ ಹೊಡೆದ ಅನ್ಸುತ್ತೆ.

ಎರಡನೇದು, ಒನ್-ಆನ್-ಒನ್. ಸ್ಟ್ರೈಕರ್ ಒಬ್ಬನೇ ನುಗ್ಗಿ ಬಂದ್ರೆ ತುಂಬ ಕೀಪರ್‌ಗಳು ಗಾಬರಿಯಾಗಿ ಬೇಗ ನೆಲಕ್ಕೆ ಬೀಳ್ತಾರೆ. ಇವನು ಆದಷ್ಟು ಹೊತ್ತು ನಿಂತೇ ಇರ್ತಿದ್ದ, 1.92 ಮೀಟರ್ ಎತ್ತರದ ಆಳು ಕೈ ಅಗಲಿಸಿ ನಿಂತ್ರೆ ಮೊದಲು ತೀರ್ಮಾನ ಮಾಡ್ಬೇಕಾಗಿರೋದು ಸ್ಟ್ರೈಕರ್. ಮೂರನೇದು ಬಾಯಿ. ಮ್ಯಾಚಿಡೀ ಕಿರುಚ್ತಾನೇ ಇರ್ತಿದ್ದ. ಬಾರ್ಜಾಲಿ, ಬೊನುಚ್ಚಿ, ಕಿಯೆಲ್ಲೀನಿ ಮೂರು ಜನರ ಡಿಫೆನ್ಸ್ ಅಷ್ಟು ಗಟ್ಟಿಯಾಗಿ ಕಂಡಿದ್ರ ಹಿಂದೆ ಈ ಕೂಗಾಟಕ್ಕೂ ಪಾಲಿದೆ.

ವೀಕ್‌ನೆಸ್ಸೂ ಇತ್ತು. ಜರ್ಮನಿಯ ಕೀಪರ್ ನೋಯರ್ ಥರ ಬಾಕ್ಸಿಂದ ಆಚೆ ಓಡಿಬಂದು ಸ್ವೀಪರ್ ಕೆಲಸ ಮಾಡೋನಲ್ಲ, ಲಾಂಗ್ ರೇಂಜಿಂದ ಕೆಳಗೆ ಉರುಳಿಕೊಂಡು ಬರೋ ಶಾಟ್‌ಗಳಿಗೆ ಕೊನೇ ವರ್ಷಗಳಲ್ಲಿ ನಿಧಾನ ಆಗ್ತಿದ್ದ. ಎಡವಟ್ಟೂ ಮಾಡಿದಾನೆ, 2012ರ ಮೇ ತಿಂಗಳಲ್ಲಿ ಲೀಗ್ ಇನ್ನೇನು ಕೈಗೆ ಬಂತು ಅನ್ನೋವಾಗ ಲೆಚ್ಚೆ ಎದುರು ಬ್ಯಾಕ್‌ಪಾಸ್ ನಿಲ್ಲಿಸೋಕೆ ಹೋಗಿ ಕಾಲಿಂದ ಜಾರಿಸ್ಕೊಂಡು ಬೆರ್ತೊಲಾಚ್ಚಿ ಕೈಲಿ ಗೋಲ್ ಹೊಡೆಸ್ಕೊಂಡ. ನಾಲ್ಕು ದಿನದ ನಂತರ ಟೈಟಲ್ ಗೆದ್ರು ಅಂತ ಬಚಾವಾದ.

ಪೆನಾಲ್ಟಿ ಹಿಡಿಯೋದ್ರಲ್ಲಿ ಎಕ್ಸ್‌ಪರ್ಟಾ?

ಹಾಗೇನೂ ಇಲ್ಲ, ಒಳ್ಳೆಯವನು ಅನ್ನಬಹುದು. 2002ರ ವರ್ಲ್ಡ್ ಕಪ್ಪಲ್ಲಿ ಕೊರಿಯಾದ ಆನ್ ಜಂಗ್-ಹ್ವಾನ್ ಪೆನಾಲ್ಟಿ ಹಿಡಿದ, ಅದೇ ಆನ್ ಎಕ್ಸ್‌ಟ್ರಾ ಟೈಮಲ್ಲಿ ಗೋಲ್ಡನ್ ಗೋಲ್ (ಬಿದ್ದ ತಕ್ಷಣ ಮ್ಯಾಚ್ ಮುಗಿಯೋ ಗೋಲ್) ಹೊಡೆದು ಮನೆಗೆ ಕಳಿಸ್ದ. ಯುರೋಪಿನ ದೇಶಗಳ ಕಪ್ಪಾದ ಯೂರೋ 2008ರಲ್ಲಿ ರೊಮೇನಿಯಾದ ಮುಟು ಪೆನಾಲ್ಟಿ ಹಿಡಿದಿದ್ರಿಂದ ಇಟಲಿ ಉಳ್ಕೊಳ್ತು. 2013ರ ಕಾನ್ಫೆಡರೇಷನ್ಸ್ ಕಪ್ ಮೂರನೇ ಸ್ಥಾನದ ಮ್ಯಾಚಲ್ಲಿ ಉರುಗ್ವೆಯವರ ಮೂರು ಹಿಡಿದ. ಆದ್ರೆ ಅವನ ಜೀವನದ ಅತಿ ದೊಡ್ಡ ಶೂಟೌಟ್, 2006ರ ಫೈನಲ್, ಅದ್ರಲ್ಲಿ ಒಂದೂ ಹಿಡಿದಿಲ್ಲ. ಫ್ರಾನ್ಸ್ ಪರ ಟ್ರೆಜೆಗೆ ಹೊಡೆದಿದ್ದು ಬಾರ್‌ಗೆ ಬಡೀತು, ಇಟಲಿಯವರು ಐದಕ್ಕೆ ಐದೂ ಹಾಕಿದ್ರು. ಯುರೋಪಿನ ಕ್ಲಬ್‌ಗಳ ಅತಿ ದೊಡ್ಡ ಕಪ್ಪಾದ ಚಾಂಪಿಯನ್ಸ್ ಲೀಗ್‌ನ 2003ರ ಫೈನಲಲ್ಲಿ ಎರಡು ಹಿಡಿದು ಸೋತ, 2006ರಲ್ಲಿ ಒಂದೂ ಹಿಡೀದೆ ಗೆದ್ದ. ಲೆಕ್ಕ ಹಾಕೋಕೆ ಹೋಗ್ಬೇಡಿ.

ಚಾಂಪಿಯನ್ಸ್ ಲೀಗ್ ಯಾಕೆ ಗೆಲ್ಲಲಿಲ್ಲ?

ಮೂರು ಫೈನಲ್, ಮೂರೂ ಸೋಲು. 2003ರಲ್ಲಿ ಮ್ಯಾಂಚೆಸ್ಟರಲ್ಲಿ ಮಿಲಾನ್ ಎದುರು 0-0, ಆಮೇಲೆ ಪೆನಾಲ್ಟಿಯಲ್ಲಿ 3-2. ಆ ಮ್ಯಾಚಿನ ಮೊದಲ ಹಾಫಲ್ಲಿ ಇಂಜಾಗಿ ಹಾರಿ ಕೊಟ್ಟ ಹೆಡರನ್ನ ತಡೆದಿದ್ದು ಅವನ ಅತ್ಯುತ್ತಮ ಸೇವ್‌ಗಳಲ್ಲಿ ಒಂದು, ಆಮೇಲೆ ಶೂಟೌಟಲ್ಲಿ ಸೀಡಾರ್ಫ್, ಕಲಾಡ್ಜೆ ಇಬ್ಬರದ್ದೂ ಹಿಡಿದ, ಆದ್ರೆ ಆ ಕಡೆ ಡೀಡಾ ಮೂರು ಹಿಡಿದುಬಿಟ್ಟ. 2015ರಲ್ಲಿ ಬಾರ್ಸಿಲೋನಾ ಎದುರು 3-1, ಅದೂ ಒಂಬತ್ತು ವರ್ಷದ ಹಿಂದೆ ವರ್ಲ್ಡ್ ಕಪ್ ಎತ್ತಿದ ಅದೇ ಬರ್ಲಿನ್ ಸ್ಟೇಡಿಯಂ. ಮೆಸ್ಸಿ, ಸುವಾರೆಸ್, ನೇಮಾರ್ ಮೂರೂ ಜನ ಫಾರ್ಮಲ್ಲಿದ್ದ ವರ್ಷ ಅದು, ಯಾರು ಬಂದ್ರೂ ಸೋಲ್ತಿದ್ರು. 2017ರಲ್ಲಿ ಕಾರ್ಡಿಫಲ್ಲಿ ರಿಯಲ್ ಮ್ಯಾಡ್ರಿಡ್ ಎದುರು 4-1. ಇದು ಜಾಸ್ತಿ ನೋವು, ಯಾಕಂದ್ರೆ ಫೈನಲ್‌ಗೆ ಬರೋ ತನಕ 12 ಮ್ಯಾಚಲ್ಲಿ ಬಿಟ್ಟಿದ್ದೇ ಮೂರು ಗೋಲು, ಒಂದೇ ರಾತ್ರಿಯಲ್ಲಿ ನಾಲ್ಕು ಬಿತ್ತು.

ಇದನ್ನಿಟ್ಕೊಂಡು ಅವನು ಗ್ರೇಟ್ ಅಲ್ಲ ಅನ್ನೋರ ಜೊತೆ ನಾನು ವಾದ ಮಾಡೋದು ಬಿಟ್ಟಿದೀನಿ. ಕೀಪರ್ ಒಬ್ಬ ಮ್ಯಾಚ್ ಸೋಲಿಸಬಹುದು, ಗೆಲ್ಲಿಸೋಕೆ ಆ ತುದಿಯಲ್ಲಿ ಯಾರಾದ್ರೂ ಗೋಲ್ ಹೊಡೀಬೇಕಲ್ವಾ.

974 ನಿಮಿಷ ಅಂತಾರಲ್ಲ, ಅದೇನು?

2015-16ರ ಸೀಸನಲ್ಲಿ ಇಟಲಿಯ ಟಾಪ್ ಲೀಗ್ ಸೀರಿ ಎದಲ್ಲಿ ಸತತ 974 ನಿಮಿಷ ಗೋಲ್ ಬಿಡಲಿಲ್ಲ, ಸಾಲಾಗಿ ಹತ್ತು ಕ್ಲೀನ್ ಶೀಟ್. ಮಿಲಾನ್‌ನ ಸೆಬಾಸ್ಟಿಯಾನೊ ರೊಸ್ಸಿ ಮಾಡಿದ್ದ 929 ನಿಮಿಷದ ಹಳೇ ರೆಕಾರ್ಡ್ ಬಿತ್ತು. 2016ರ ಮಾರ್ಚ್ 20, ಟೂರಿನ್ ಡರ್ಬಿಯಲ್ಲಿ, ಅಂದ್ರೆ ಅದೇ ಊರಿನ ಟೊರಿನೊ ಕ್ಲಬ್ ಎದುರು, ಹಳೇ ರೆಕಾರ್ಡ್ ದಾಟಿದ, ಅದೇ ಮ್ಯಾಚಲ್ಲೇ ಬೆಲೊಟ್ಟಿ ಪೆನಾಲ್ಟಿಯಲ್ಲಿ ಸರಪಳಿ ಮುರೀತು. ಆಗ ವಯಸ್ಸು 38. ಆಮೇಲೆ ಗೋಲ್‌ಪೋಸ್ಟಿಗೇ ಒಂದು ಪತ್ರ ಬರೆದ, ಹನ್ನೆರಡನೇ ವಯಸ್ಸಲ್ಲಿ ನಿನಗೆ ಬೆನ್ನು ಹಾಕಿ ನಿಂತೆ ಅನ್ನೋ ಥರ. ನಂಗೆ ಸ್ವಲ್ಪ ಡ್ರಾಮಾ ಜಾಸ್ತಿ ಅನ್ಸಿತ್ತು, ಆದ್ರೆ ಇಟಲಿಯವರಿಗೆ ಅದೆಲ್ಲಾ ಸಹಜ.

ಸ್ವೀಡನ್ ಮ್ಯಾಚಲ್ಲಿ ಅತ್ತಿದ್ದು ಯಾಕೆ?

2017ರ ನವೆಂಬರ್ 13, ಮಿಲಾನ್‌ನ ಸಾನ್ ಸೀರೊ, ವರ್ಲ್ಡ್ ಕಪ್ಪಿಗೆ ಹೋಗೋಕೆ ಸ್ವೀಡನ್ ಎದುರು ಎರಡು ಮ್ಯಾಚಿನ ಪ್ಲೇಆಫ್. ಮೊದಲ ಲೆಗ್ಗಲ್ಲಿ 1-0 ಸೋತು ಬಂದಿದ್ರು, ಇಲ್ಲಿ 0-0, ವರ್ಲ್ಡ್ ಕಪ್ ಮಿಸ್. 1958ರ ನಂತರ ಇಟಲಿ ಇಲ್ಲದ ಮೊದಲ ವರ್ಲ್ಡ್ ಕಪ್ 2018ರದ್ದು. ಬುಫೋನ್ 1998ರಿಂದ 2014ರ ತನಕ ಐದು ವರ್ಲ್ಡ್ ಕಪ್ ಟೀಮಲ್ಲಿದ್ದೋನು, ಹೋಗಿದ್ರೆ ಆರನೇದು ಆಗಿರೋದು, ಆಗ ಯಾರೂ ಆರು ವರ್ಲ್ಡ್ ಕಪ್ಪಿಗೆ ಹೋಗಿರ್ಲಿಲ್ಲ. ಕೊನೇ ನಿಮಿಷಗಳಲ್ಲಿ ಅವನೇ ಕಾರ್ನರ್‌ಗೆ ಅಂತ ಎದುರು ಬಾಕ್ಸಿಗೆ ಓಡಿ ಹೋಗಿದ್ದ. ಮ್ಯಾಚ್ ಮುಗಿದ ಮೇಲೆ ಟಿವಿ ಮುಂದೆ ಅಳ್ತಾ, ನಂಗೋಸ್ಕರ ಅಲ್ಲ, ಇಡೀ ಇಟಲಿ ಫುಟ್‌ಬಾಲಿಗೋಸ್ಕರ ಬೇಜಾರು ಅಂತ ಹೇಳ್ದ.

ಅದಕ್ಕಿಂತ ಮುಂಚಿನ ಒಂದು ನಿಮಿಷ ನೋಡಿ. ಸ್ವೀಡನ್ ರಾಷ್ಟ್ರಗೀತೆ ಬರೋವಾಗ ಸ್ಟೇಡಿಯಂ ಜನ ಸಿಳ್ಳೆ ಹೊಡೆದು ಗಲಾಟೆ ಮಾಡ್ತಿದ್ರು, ಇವನು ಒಬ್ಬನೇ ನಿಂತು ಚಪ್ಪಾಳೆ ತಟ್ತಿದ್ದ.

ಹಾಗಾದ್ರೆ ಮ್ಯಾಡ್ರಿಡಲ್ಲಿ ರೆಫ್ರಿ ಮೇಲೆ ಕೂಗಾಡಿದ್ದು ಇವನೇನಾ?

ಇವನೇ, ಐದೇ ತಿಂಗಳಾದ್ಮೇಲೆ. 2018ರ ಏಪ್ರಿಲ್ 11, ಚಾಂಪಿಯನ್ಸ್ ಲೀಗ್ ಕ್ವಾರ್ಟರ್ ಫೈನಲ್. ರಿಯಲ್ ಮ್ಯಾಡ್ರಿಡ್ ಎದುರು ಮೊದಲ ಲೆಗ್ಗು ಮನೆಯಲ್ಲೇ 3-0 ಸೋತಿದ್ರು, ಕ್ರಿಸ್ಟಿಯಾನೊ ರೊನಾಲ್ಡೊ ಬೈಸಿಕಲ್ ಕಿಕ್ ಹೊಡೆದ ಮ್ಯಾಚು. ಮ್ಯಾಡ್ರಿಡಿಗೆ ಹೋಗಿ ಯಾರೂ ಊಹಿಸದ ಹಾಗೆ 3-0 ಲೀಡ್ ತಗೊಂಡ್ರು, ಎಲ್ಲಾ ಸಮ, ಇನ್ನೇನು ಎಕ್ಸ್‌ಟ್ರಾ ಟೈಮ್ ಅನ್ನೋವಾಗ ಇಂಜುರಿ ಟೈಮಲ್ಲಿ ಬೆನಾಸಿಯಾ ವಾಸ್ಕೆಸ್‌ನ ಹಿಂದಿಂದ ತಳ್ಳಿದ ಅಂತ ರೆಫ್ರಿ ಮೈಕಲ್ ಆಲಿವರ್ ಪೆನಾಲ್ಟಿ ಕೊಟ್ರು. ಬುಫೋನ್ ಹುಚ್ಚನ ಥರ ಮೇಲೆ ಬಿದ್ದ, ರೆಡ್ ಕಾರ್ಡ್, ಬದಲಿಗೆ ಬಂದ ಶ್ಚೆಸ್ನಿಗೆ ರೊನಾಲ್ಡೊ ಗೋಲ್ ಹೊಡೆದ. ಆಮೇಲೆ ಟಿವಿಯಲ್ಲಿ ಈ ರೆಫ್ರಿ ಎದೆಯಲ್ಲಿ ಹೃದಯದ ಜಾಗಕ್ಕೆ ಕಸದ ಬುಟ್ಟಿ ಇದೆ ಅಂದ. ಬ್ಯಾನ್ ಆಯ್ತು, ಆಮೇಲೆ ಜಾಸ್ತಿಯಾಯ್ತು ಅಂತ ಕ್ಷಮೆನೂ ಕೇಳ್ದ. ಪೆನಾಲ್ಟಿ ಹೌದೋ ಅಲ್ವೋ ಅಂದ್ರೆ, ನನ್ನ ಪ್ರಕಾರ ಹೌದು. ಸಿಟ್ಟು ಅರ್ಥವಾಗುತ್ತೆ, ಮಾತು ಒಪ್ಪೋಕಾಗಲ್ಲ. ಆ ಬೇಸಿಗೆಯಲ್ಲಿ ರೊನಾಲ್ಡೊ ಯುವೆಂಟಸ್‌ಗೇ ಬಂದ, ಬುಫೋನ್ ಪ್ಯಾರಿಸ್‌ಗೆ ಹೋದ, ಮರುವರ್ಷ ವಾಪಸ್ ಬಂದು ಇಬ್ಬರೂ ಒಂದೇ ಡ್ರೆಸ್ಸಿಂಗ್ ರೂಮಲ್ಲಿ ಕೂತ್ರು.

ಪ್ಯಾರಿಸ್ ವರ್ಷ ಹೇಗಿತ್ತು?

ಲೀಗ್ ಗೆದ್ರು. ಮ್ಯಾಂಚೆಸ್ಟರ್ ಯುನೈಟೆಡ್ ಎದುರು ಚಾಂಪಿಯನ್ಸ್ ಲೀಗಲ್ಲಿ ರಾಶ್‌ಫರ್ಡ್ ಶಾಟ್ ಕೈಯಿಂದ ಜಾರಿ ಲುಕಾಕು ಹೊಡೆದಿದ್ದು ನೆನಪಿದೆ. ಮುಂದಿನ ಪ್ರಶ್ನೆಗೆ ಹೋಗೋಣ.

ಒಟ್ಟು ರೆಕಾರ್ಡ್ ಎಷ್ಟು?

ಸೀರಿ ಎ ಟೈಟಲ್ ಹತ್ತು, ಬೇರೆ ಯಾವ ಪ್ಲೇಯರ್‌ಗೂ ಅಷ್ಟಿಲ್ಲ, ಕಿತ್ಕೊಂಡ ಎರಡನ್ನ ಸೇರಿಸದೇ. ಕೊಪ್ಪಾ ಇಟಾಲಿಯಾ ಆರು, ಮೊದಲನೇದು 1999ರಲ್ಲಿ, ಕೊನೇದು 2021ರಲ್ಲಿ. ಸೀರಿ ಎ ಮ್ಯಾಚ್ 657, ಪಾರ್ಮಾಗೆ 168, ಯುವೆಂಟಸ್‌ಗೆ 489. ಮಿಲಾನ್ ಡಿಫೆಂಡರ್ ಮಾಲ್ದೀನಿಯ 647ರ ರೆಕಾರ್ಡನ್ನ 2020ರ ಜುಲೈ 4ಕ್ಕೆ ದಾಟಿದ, ಮತ್ತೆ ಅದೇ ಟೂರಿನ್ ಡರ್ಬಿಯಲ್ಲಿ. 2017ರಲ್ಲಿ ಫಿಫಾ ಬೆಸ್ಟ್ ಗೋಲ್‌ಕೀಪರ್ ಪ್ರಶಸ್ತಿ ಶುರುವಾದಾಗ ಮೊದಲು ಸಿಕ್ಕಿದ್ದು ಇವನಿಗೆ, 39ನೇ ವಯಸ್ಸಲ್ಲಿ. 2019ರಲ್ಲಿ ವಾಪಸ್ ಯುವೆಂಟಸ್‌ಗೆ ಬಂದಾಗ ಶ್ಚೆಸ್ನಿ 1ನೇ ನಂಬರನ್ನೂ ಕಿಯೆಲ್ಲೀನಿ ಕ್ಯಾಪ್ಟನ್ ಪಟ್ಟಿಯನ್ನೂ ಬಿಟ್ಕೊಡ್ತೀವಿ ಅಂದ್ರೂ ಬೇಡ ಅಂದು 77 ಹಾಕ್ಕೊಂಡ.

ಡೀನೊ ಜೋಫ್ ದೊಡ್ಡೋನಾ, ಬುಫೋನ್ ದೊಡ್ಡೋನಾ?

ಇಟಲಿಯಲ್ಲಿ ಈ ಜಗಳ ಮುಗಿಯಲ್ಲ. ಜೋಫ್ 1982ರಲ್ಲಿ 40ನೇ ವಯಸ್ಸಲ್ಲಿ ಕ್ಯಾಪ್ಟನ್ ಆಗಿ ವರ್ಲ್ಡ್ ಕಪ್ ಎತ್ತಿದೋರು, 1968ರ ಯೂರೋನೂ ಅವರ ಹತ್ರ ಇದೆ, ಬುಫೋನ್ ಹತ್ರ ಇಲ್ಲ, 2012ರ ಫೈನಲಲ್ಲಿ ಸ್ಪೇನ್ 4-0 ಹೊಡೆದುಹಾಕ್ತು. ನ್ಯಾಷನಲ್ ಟೀಮಲ್ಲಿ ಸತತ 1142 ನಿಮಿಷ ಗೋಲ್ ಬಿಡದ ಜೋಫ್ ದಾಖಲೆ ಮುಂದೆ 974 ಚಿಕ್ಕದೇ. ಸ್ವಭಾವದಲ್ಲಿ ಇಬ್ಬರೂ ಉತ್ತರ ದಕ್ಷಿಣ, ಜೋಫ್ ಮಾತೇ ಆಡಲ್ಲ, ಇವನು ಬಾಯಿ ಮುಚ್ಚಲ್ಲ. ಸಾಧನೆ ನೋಡಿದ್ರೆ ಜೋಫ್, ಬರೀ ಕೀಪಿಂಗ್ ನೋಡಿದ್ರೆ ನಾನು ಬುಫೋನ್ ಅಂತೀನಿ.

ಡೊನ್ನರುಮ್ಮಾ ಅವನ ಜಾಗ ತುಂಬಿದ್ನಾ?

ಕೈ ಬದಲಾಗಿದ್ದು ಸರಿಯಾಗಿ ಕಣ್ಣಮುಂದೆನೇ ಆಯ್ತು, 2016ರ ಸೆಪ್ಟೆಂಬರ್ 1, ಬಾರಿಯಲ್ಲಿ ಫ್ರಾನ್ಸ್ ಎದುರು ಫ್ರೆಂಡ್ಲಿ, ಹಾಫ್‌ಟೈಮಲ್ಲಿ ಬುಫೋನ್ ಹೊರಗೆ, 17 ವರ್ಷದ ಡೊನ್ನರುಮ್ಮಾ ಒಳಗೆ. ಆ ಹುಡುಗ ಬುಫೋನ್ ಎಂದೂ ಗೆಲ್ಲದ ಯೂರೋ ಕಪ್ಪನ್ನ 2021ರಲ್ಲಿ ಗೆದ್ದ, ಟೂರ್ನಮೆಂಟಿನ ಬೆಸ್ಟ್ ಪ್ಲೇಯರೂ ಆದ. 2025ರಲ್ಲಿ ಪ್ಯಾರಿಸ್ ಜೊತೆ ಚಾಂಪಿಯನ್ಸ್ ಲೀಗೂ ಗೆದ್ದ. ಶೂಟೌಟಲ್ಲಂತೂ ಬುಫೋನ್‌ಗಿಂತ ಮೇಲೆ. ವರ್ಲ್ಡ್ ಕಪ್ ಕಥೆ ಮಾತ್ರ ಕೇಳ್ಬೇಡಿ, 2022ಕ್ಕೂ ಇಟಲಿ ಹೋಗ್ಲಿಲ್ಲ.

ಕೊನೆಗೆ ರಿಟೈರ್ ಆಗಿದ್ದು ಯಾವಾಗ, ಆಮೇಲೆ ಏನ್ ಮಾಡ್ದ?

2021ರಲ್ಲಿ ಪಾರ್ಮಾಗೆ ವಾಪಸ್ ಹೋದ, ಕ್ಲಬ್ ಆಗ ಸೀರಿ ಬಿಗೆ ಇಳಿದಿತ್ತು. ಮೇಲಕ್ಕೆ ತರ್ತೀನಿ ಅಂತ ಹೋದೋನು, ಎರಡು ಸೀಸನ್ ಆಡಿದ್ರೂ ಆಗಲಿಲ್ಲ, ಕಾಲು ಕೈಕೊಡೋಕೆ ಶುರುವಾಗಿತ್ತು. 2023ರ ಆಗಸ್ಟ್ 2ಕ್ಕೆ 45ನೇ ವಯಸ್ಸಲ್ಲಿ ಸಾಕು ಅಂದ. ಪಾರ್ಮಾ ಮೇಲೆ ಬಂದಿದ್ದು ಅವನು ಬಿಟ್ಟ ಮರುವರ್ಷ, 2024ರಲ್ಲಿ. ರಿಟೈರ್ ಆದ ತಕ್ಷಣ ನ್ಯಾಷನಲ್ ಟೀಮಿನ ನಿಯೋಗದ ಮುಖ್ಯಸ್ಥನ ಕೆಲಸ ಕೊಟ್ರು, ಅದು ಜಾನ್‌ಲೂಕಾ ವಿಯಾಲಿ ತೀರ್ಕೊಂಡ ಮೇಲೆ ಖಾಲಿ ಇದ್ದ ಜಾಗ.

ಒಂದೇ ಒಂದು ಮ್ಯಾಚ್ ನೋಡ್ತೀನಿ, ಯಾವುದು ನೋಡ್ಲಿ?

ಎಲ್ಲರೂ 2006ರ ಫೈನಲ್ ಅಂತಾರೆ, ಬೇಕಾದ್ರೆ ನೋಡಿ. ನಾನು ಹೇಳೋದು 2023ರ ಜನವರಿ 10ರ ಕೊಪ್ಪಾ ಇಟಾಲಿಯಾ, ಸಾನ್ ಸೀರೊದಲ್ಲಿ ಇಂಟರ್-ಪಾರ್ಮಾ. ಬುಫೋನ್‌ಗೆ 45 ತುಂಬೋಕೆ 18 ದಿನ ಬಾಕಿ, ಟೀಮ್ ಸೀರಿ ಬಿ ಟೀಮು, ಎದುರಿಗೆ ಅದೇ ವರ್ಷ ಚಾಂಪಿಯನ್ಸ್ ಲೀಗ್ ಫೈನಲ್‌ಗೆ ಹೋದ ಇಂಟರ್. ಪಾರ್ಮಾನೇ ಮೊದಲು ಗೋಲ್ ಹಾಕ್ತು, ಕೊನೆ ಕೊನೆಗೆ ಲೌತಾರೊ ಸಮ ಮಾಡ್ದ, ಎಕ್ಸ್‌ಟ್ರಾ ಟೈಮಲ್ಲಿ ಅಚೆರ್ಬಿ ಹೆಡರಲ್ಲಿ 2-1. ಸೋತ ಮ್ಯಾಚೇ. ಆದ್ರೂ 120 ನಿಮಿಷ ಬುಫೋನ್ ಎಲ್ಲೆಲ್ಲಿ ನಿಲ್ತಾನೆ ಅಂತ ಅಷ್ಟನ್ನೇ ನೋಡ್ತಾ ಹೋಗಿ, ಬಾಲ್ ಕಡೆ ನೋಡ್ಬೇಡಿ.